ಫಿಸಿಕ್ಸ್ ಓದಿದ ತಮ್ಮ ಆಂಟಿಬಾಡಿ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತಿದ್ದಾನೆ. ಈ ದಾರೀಲಿ ಹೋದವರು ಯಾರಾದ್ರೂ ಇದ್ದೀರಾ?

ಸವಿತಾ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಎಂಎಸ್‌ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್‌ನಲ್ಲಿದ್ದಾನೆ. ಮೊನ್ನೆ ಮೊನ್ನೆವರೆಗೂ ಬಿ.ಎಡ್, ಇಲ್ಲಾಂದ್ರೆ ಬ್ಯಾಂಕ್ ಪರೀಕ್ಷೆ ಅಂತಿದ್ದ. ಈಗ ಸ್ಟ್ರಕ್ಚರಲ್ ಬಯಾಲಜಿ (ಪ್ರೋಟೀನ್‌ಗಳ ಆಕಾರ ಬಿಡಿಸೋ ವಿದ್ಯೆಯಂತೆ), ಅದರಲ್ಲೂ ಇಮ್ಯುನಾಲಜಿ (ರೋಗ ನಿರೋಧಕ ಶಕ್ತಿಯದ್ದು) ಕಡೆಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ. ದಿನಕರ ಸಾಳುಂಕೆ ಅನ್ನೋ ವಿಜ್ಞಾನಿಯ ಬಗ್ಗೆ ಓದಿದ್ದೇ ಕಾರಣ. ಅವರೂ ಬೆಳಗಾವಿ ಕಡೆಯವರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಓದಿದವರು, ಆಮೇಲೆ ಬೆಂಗಳೂರು, ಅಮೆರಿಕ, ದೆಹಲಿ ಅಂತ ಹೋದವರು. "ಅವರು ಹೋದ ದಾರಿ ನನಗ್ಯಾಕೆ ಆಗಬಾರದು" ಅಂತಾನೆ.

ಅಪ್ಪನಿಗೆ ಇದರಲ್ಲಿ ಅನ್ನ ಹುಟ್ಟತ್ತಾ ಅನ್ನೋ ಚಿಂತೆ. ನಮ್ಮ ಆಫೀಸಿನವರೊಬ್ಬರು ಆಲ್ಫಾಫೋಲ್ಡ್ ಅಂತ ಪ್ರೋಟೀನ್ ಆಕಾರ ಊಹಿಸೋ ಎಐ ಬಂದ ಮೇಲೆ ಆ ಫೀಲ್ಡೇ ಮುಗೀತು ಅಂದರು. ನಾನು ಓದಿದ್ದು ಬಿ.ಕಾಂ, ನನಗೆ ತಲೆಬುಡ ಗೊತ್ತಾಗ್ತಿಲ್ಲ. ತಿಳಿದವರು ಹೇಳಿ.

ಕೆಂಗೇರಿ_ಕಿಟ್ಟಿ

ನಿಮ್ಮ ಆಫೀಸಿನವರು ಹೇಳಿದ್ದು ಸರಿ. ಪ್ರೋಟೀನ್ ಆಕಾರ ಕಂಡುಹಿಡಿಯೋ ಕೆಲಸಕ್ಕೆ 2024ರಲ್ಲಿ ನೊಬೆಲ್ ಬಂತು, ಬಂದಿದ್ದು ಕಂಪ್ಯೂಟರ್‌ನವರಿಗೆ. 20 ಕೋಟಿ ಪ್ರೋಟೀನ್‌ಗಳ ಆಕಾರ ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗತ್ತೆ. ಇನ್ನೂ ಹರಳು ಬೆಳೆಸ್ಕೊಂಡು ಕೂರೋದು ಯಾಕೆ? ಪೈಥಾನ್ ಕಲಿಸಿ.

ಹಳೇ_ಹರಳು

ಕಿಟ್ಟಿ, ಬೆಳಿಗ್ಗೆ ಬೆಳಿಗ್ಗೆ ತೀರ್ಪು ಕೊಟ್ಟುಬಿಟ್ರಲ್ಲ.

ಸವಿತಾ ಅವರೇ, ನಾನು ಇದೇ ಕೆಲಸದಲ್ಲಿ ಪಿಎಚ್‌ಡಿ ಮಾಡಿದವನು, ಈಗ ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿದ್ದೇನೆ. ಮೊದಲು ಕೆಲಸ ಹೇಗಿರತ್ತೆ ಅಂತ ಹೇಳ್ತೀನಿ. ತಮ್ಮನಿಗೆ ಓದಿಸಿ, ಆಗಲೂ ಹಟ ಇದ್ದರೆ ಕಳಿಸಿ.

ಪ್ರೋಟೀನನ್ನು ಹರಳು ಮಾಡಿ ಎಕ್ಸ್‌ರೇ ಹಾಯಿಸಿದರೆ ಅದರ ಆಕಾರ ತಿಳಿಯತ್ತೆ. ಆಂಟಿಬಾಡಿ, ಅಂದ್ರೆ ರೋಗಾಣುವನ್ನು ಹಿಡಿಯೋ ನಮ್ಮ ದೇಹದ ಪ್ರೋಟೀನ್, ಇಡಿಯಾಗಿ ಹರಳಾಗೋದು ಬಹಳ ಕಷ್ಟ, ನಡುವೆ ಕೀಲಿನ ಹಾಗೆ ಅಲುಗಾಡತ್ತೆ. ಅದಕ್ಕೆ ಅದನ್ನು ಕತ್ತರಿಸಿ, ಆಂಟಿಜೆನ್ (ಅಂದ್ರೆ ಆಂಟಿಬಾಡಿ ಗುರುತು ಹಿಡಿಯೋ ವಸ್ತು) ಹಿಡಿಯೋ ತುಂಡನ್ನು ಮಾತ್ರ ಇಟ್ಟುಕೊಳ್ತೀವಿ. ಅದಕ್ಕೆ ಫ್ಯಾಬ್ ಅಂತಾರೆ. ಶುದ್ಧ ಮಾಡಿದ ಫ್ಯಾಬ್ ಒಂದು ಮೈಕ್ರೋಲೀಟರ್, ರಾಸಾಯನಿಕ ದ್ರಾವಣ ಒಂದು ಮೈಕ್ರೋಲೀಟರ್. ಎರಡನ್ನೂ ಸಣ್ಣ ಗಾಜಿನ ಚೂರಿನ ಮೇಲೆ ಬೆರೆಸಿ, ಗಾಜನ್ನು ತಲೆಕೆಳಗೆ ಮಾಡಿ, 24 ಗುಳಿಯ ತಟ್ಟೆಯಲ್ಲಿ ಒಂದು ಗುಳಿಯ ಮೇಲೆ ಮುಚ್ಚಬೇಕು. ಅಂಚಿಗೆ ಗ್ರೀಸ್, ಗಾಳಿ ಆಡಬಾರದು. ಹನಿ ಬಾವಲಿ ಥರ ನೇತಾಡ್ತಿರತ್ತೆ. ಗುಳಿಯಲ್ಲಿರೋ ದ್ರಾವಣ ಹನಿಯ ನೀರನ್ನು ನಿಧಾನಕ್ಕೆ ಎಳೆದುಕೊಳ್ಳತ್ತೆ, ಹನಿ ಗಟ್ಟಿಯಾಗತ್ತೆ, ಅದೃಷ್ಟ ಇದ್ರೆ ಹರಳು ಕೂರತ್ತೆ. ಇಲ್ಲಾಂದ್ರೆ ಕಂದು ಬಣ್ಣದ ಗಸಿ.

ವಾರಗಟ್ಟಲೆ ಕಾದು ಮೈಕ್ರೋಸ್ಕೋಪ್‌ನಲ್ಲಿ ಚಂದದ ಹರಳು ಕಂಡರೂ ಕುಣಿಯೋ ಹಾಗಿಲ್ಲ, ಬರೀ ಉಪ್ಪಿನ ಹರಳಿರಬಹುದು. ಒಂದು ಸೂಜಿ ತಗೊಂಡು ಚುಚ್ಚಿ ನೋಡ್ತೀವಿ. ಚಟ್ ಅಂತ ಒಡೆದರೆ ಉಪ್ಪು. ಮೆತ್ತಗೆ ಪುಡಿಯಾದರೆ ಪ್ರೋಟೀನ್. ಅಂದ್ರೆ ಒಳ್ಳೇ ಸುದ್ದಿ ಗೊತ್ತಾಗೋ ಹೊತ್ತಿಗೆ ಹರಳು ಹಾಳಾಗಿರತ್ತೆ 😀

ಒಂದು ಸಲ ನಮ್ಮ ಸಂಸ್ಥೆಯಲ್ಲಿ ದಸರಾ ರಜೆಯಲ್ಲಿ ಹರಳಿನ ಕೋಣೆಯ ಎಸಿ ಕೆಟ್ಟು ನಿಂತಿತು. ರಜೆ ಅಂತ ಯಾರೂ ನೋಡಲಿಲ್ಲ. ಬಂದು ನೋಡಿದರೆ ತಟ್ಟೆಗಟ್ಟಲೆ ಹನಿ ಒಣಗಿ ಚಕ್ಕೆ. ಮೇಂಟೆನೆನ್ಸ್‌ನವರು ಫಾರಂ ತುಂಬಿ ಅಂದರು.

ಸವಿತಾ_ಹುಬ್ಬಳ್ಳಿ

ಅಯ್ಯೋ ದೇವರೇ. ಇದನ್ನ ಅಪ್ಪನಿಗೆ ಓದಿಸಲ್ಲ.

ಫಿಸಿಕ್ಸ್_ಮೇಷ್ಟ್ರು

ತಂಗಿ, ಹೆದರಬೇಡಿ. ಫಿಸಿಕ್ಸ್‌ನಿಂದ ಬಯಾಲಜಿಗೆ ಹೋಗೋದು ಹೊಸದೇನಲ್ಲ. ಪ್ರೋಟೀನ್ ರಚನೆಯ ಕೆಲಸಕ್ಕೆ ಹೆಸರಾದ ಜಿ.ಎನ್. ರಾಮಚಂದ್ರನ್ ಫಿಸಿಕ್ಸ್‌ನವರು. ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಬಿಎಸ್‌ಸಿ, ಅಮೆರಿಕದಲ್ಲಿ ಫಿಸಿಕ್ಸ್‌ನಲ್ಲೇ ಪಿಎಚ್‌ಡಿ. ಅದಾದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಬಯಾಲಜಿ ತರಗತಿಗೆ ಹೋಗಿ ಕೂತರು. 2009ರಲ್ಲಿ ನೊಬೆಲ್ ಬಂತು.

ಸಾಳುಂಕೆ ಅವರದ್ದು ನೋಡಿ. 1978ಕ್ಕೆ ಧಾರವಾಡದಲ್ಲಿ ಎಂಎಸ್‌ಸಿ ಮುಗೀತು. ಅಲ್ಲಿಂದ ಐಐಎಸ್‌ಸಿಯ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್. ಆ ವಿಭಾಗ ಕಟ್ಟಿದವರು ಇದೇ ರಾಮಚಂದ್ರನ್. ಗೈಡ್ ಸಿಕ್ಕಿದ್ದು ಎಂ. ವಿಜಯನ್. ವಿಜಯನ್ ಅವರು ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಜೊತೆ ಇನ್ಸುಲಿನ್ ರಚನೆ ಬಿಡಿಸೋ ತಂಡದಲ್ಲಿದ್ದು, ಊರಿಗೆ ವಾಪಸ್ ಬಂದವರು. ಈ ದೇಶದಲ್ಲಿ ಪ್ರೋಟೀನ್ ಕ್ರಿಸ್ಟಲಾಗ್ರಫಿ, ಅಂದ್ರೆ ಹರಳಿನಿಂದ ರಚನೆ ಓದೋ ವಿದ್ಯೆ, ಬೇರೂರಿದ್ದು ಬಹುಪಾಲು ಅವರಿಂದ.

ಸಾಳುಂಕೆ ಅಲ್ಲಿ ಮಾಡಿದ್ದು ಪ್ರೋಟೀನ್ ಕೆಲಸ ಅಲ್ಲ, ಪ್ರೋಟೀನ್‌ನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಸಣ್ಣ ಸಣ್ಣ ಹರಳುಗಳ ಕೆಲಸ. ಅರ್ಜಿನೈನ್ ಅನ್ನೋ ಅಮೈನೋ ಆಮ್ಲ ಪಕ್ಕದ ಅಣುವನ್ನು ಹೇಗೆ ಹಿಡಿಯತ್ತೆ ಅನ್ನೋ ಥರದ್ದು. ಕೇಳೋಕೆ ಚಿಕ್ಕ ವಿಷಯ. ಆದರೆ ಎರಡು ಅಣು ಒಂದನ್ನೊಂದು ಗುರುತು ಹಿಡಿಯೋದು ಹೇಗೆ ಅನ್ನೋ ಪ್ರಶ್ನೆ ಅಲ್ಲೇ ಇದೆ. ಮುಂದೆ ವೈರಸ್, ಆಮೇಲೆ ಆಂಟಿಬಾಡಿ. ವಸ್ತು ಬದಲಾಯಿತು, ಪ್ರಶ್ನೆ ಹಾಗೇ ಉಳೀತು ಅಂತ ನನಗನ್ನಿಸತ್ತೆ.

ಗೋಕಾಕ್_ಕರದಂಟು

ಸಾಳುಂಕೆ ಅಂದ್ರೆ ಮರಾಠಿ ಹೆಸರಲ್ವಾ? ಇವರನ್ನ ನಮ್ಮವರು ಅನ್ನಬಹುದಾ?

ರಾಣಿ_ಚೆನ್ನಮ್ಮ_ಸರ್ಕಲ್

ಬೆಳಗಾವಿ ಕರ್ನಾಟಕದ್ದು. ಅಲ್ಲಿ ಹುಟ್ಟಿದವರೆಲ್ಲ ನಮ್ಮವರೇ. ಮುಂದೆ?

ನಿರ್ವಾಹಕ

ಗಡಿ ಗಲಾಟೆಗೆ ಬೇರೆ ಎಳೆ ಇದೆ, ಅದರಲ್ಲಿ ಈಗಾಗಲೇ ಸಾಕಷ್ಟು ಜನ ಹೊಡೆದಾಡ್ತಿದ್ದೀರಿ. ಇಲ್ಲಿ ಬೇಡ. ಮುಂದಿನ ಎಂಟು ಕಾಮೆಂಟ್ ತೆಗೆದಿದ್ದೇನೆ.

ಲ್ಯಾಬ್_ಇಲಿ

ಮೇಷ್ಟ್ರು "ಮುಂದೆ ವೈರಸ್" ಅಂತ ಒಂದು ಪದದಲ್ಲಿ ಮುಗಿಸಿದ್ದು ಬೇಜಾರಾಯ್ತು, ಇಡೀ ಕಥೆಯಲ್ಲಿ ನನಗಿಷ್ಟವಾದ ಭಾಗ ಅದೇ.

ಅಮೆರಿಕದ ಬ್ರಾಂಡೈಸ್‌ನಲ್ಲಿ ಡೊನಾಲ್ಡ್ ಕ್ಯಾಸ್ಪರ್ ಅಂತಿದ್ದರು. ಗುಂಡನೆಯ ವೈರಸ್‌ಗಳ ಹೊರಚಿಪ್ಪು ಹೇಗೆ ಜೋಡಣೆ ಆಗತ್ತೆ ಅಂತ 1962ರಲ್ಲಿ ಆರನ್ ಕ್ಲುಗ್ ಜೊತೆ ಸೇರಿ ಸಿದ್ಧಾಂತ ಕೊಟ್ಟವರು. ಫುಟ್‌ಬಾಲ್ ನೋಡಿದ್ದೀರಲ್ಲ, ಐದು ಮೂಲೆ ತುಂಡು, ಆರು ಮೂಲೆ ತುಂಡು ಸೇರಿಸಿ ಹೊಲಿದಿರ್ತಾರಲ್ಲ, ಹಾಗೆ. ಪಾಲಿಯೋಮಾ ವೈರಸ್‌ನಲ್ಲಿ ಒಟ್ಟು 72 ತುಂಡು. ಸಿದ್ಧಾಂತದ ಲೆಕ್ಕಕ್ಕೆ 12 ಜಾಗದಲ್ಲಿ ಐದು ಪ್ರೋಟೀನ್‌ಗಳ ಗುಂಪು, 60 ಜಾಗದಲ್ಲಿ ಆರು ಪ್ರೋಟೀನ್‌ಗಳ ಗುಂಪು ಇರಬೇಕು. 1982ರಲ್ಲಿ ಕ್ಯಾಸ್ಪರ್ ತಂಡವೇ ಎಕ್ಸ್‌ರೇ ಹಾಕಿ ನೋಡಿದರೆ 72ಕ್ಕೆ 72ರಲ್ಲೂ ಐದರ ಗುಂಪು! ತಮ್ಮ ಸಿದ್ಧಾಂತಕ್ಕೆ ತಾವೇ ತೂತು ಹೊಡೆದುಕೊಂಡು ಪ್ರಕಟಿಸಿದರು.

ಸಾಳುಂಕೆ ಆ ಲ್ಯಾಬಿಗೆ ಹೋದದ್ದು ಇದಾದ ಮೇಲೆ. ವೈರಸ್‌ನ ಚಿಪ್ಪಿನ ಪ್ರೋಟೀನ್ ಒಂದನ್ನೇ, ವಿಪಿ1 ಅಂತ, ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧ ಮಾಡಿ ಇಟ್ಟರೆ ಅದು ತಾನೇ ತಾನಾಗಿ ಚಿಪ್ಪು ಕಟ್ಟಿಕೊಳ್ಳತ್ತೆ. ಒಳಗೆ ಡಿಎನ್ಎ ಇಲ್ಲ, ಸೋಂಕೂ ಇಲ್ಲ. ಸಾಳುಂಕೆ, ಕ್ಯಾಸ್ಪರ್, ರಾಬರ್ಟ್ ಗಾರ್ಸಿಯಾ ಮೂವರ ಹೆಸರಲ್ಲಿ 1986ರಲ್ಲಿ ಇದು 'ಸೆಲ್' ಪತ್ರಿಕೆಯಲ್ಲಿ ಬಂತು.

ಗರ್ಭಕಂಠದ ಕ್ಯಾನ್ಸರ್ ತಡೆಯೋಕೆ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸ್ತೀವಲ್ಲ, ಅದು ಕೂಡ ಇಂಥದ್ದೇ ಖಾಲಿ ಚಿಪ್ಪು. ಬೇರೆ ವೈರಸ್, ಬೇರೆ ಜನ ಮಾಡಿದ್ದು. ಆದರೆ ಅಲ್ಲೂ 72 ಐದರ ಗುಂಪುಗಳೇ.

ಸವಿತಾ_ಹುಬ್ಬಳ್ಳಿ

ಮೊನ್ನೆ ತಾನೇ ಮಗಳಿಗೆ ಆ ಲಸಿಕೆ ಹಾಕಿಸಿದೆ. ಖಾಲಿ ಚಿಪ್ಪು ಅಂತ ಡಾಕ್ಟರೂ ಹೇಳಿರಲಿಲ್ಲ. ಇಷ್ಟು ಹೇಳಿದ್ರೆ ನನ್ನಂಥವರ ಹೆದರಿಕೆ ಅರ್ಧ ಕಮ್ಮಿ ಆಗತ್ತೆ.

ಕೆಂಗೇರಿ_ಕಿಟ್ಟಿ

ಹಳೇ ಕಥೆ ಎಲ್ಲಾ ಚೆನ್ನಾಗಿದೆ. ಕೇಳಿದ್ದು ಈಗಿನದ್ದು. ಆಲ್ಫಾಫೋಲ್ಡ್‌ಗೆ ಯಾರೂ ಉತ್ತರ ಕೊಡ್ಲಿಲ್ಲ.

ಬೋಸ್ಟನ್_ಬಸವ

ನಾನೂ ಒಂದು ಹಳೇ ಕಥೆ ಹೇಳ್ತೀನಿ, ಕಿಟ್ಟಿ ಸ್ವಲ್ಪ ತಾಳ್ಮೆ. ಹಾರ್ವರ್ಡ್‌ನಲ್ಲಿ ಪಮೇಲಾ ಬ್ಯೋರ್ಕ್‌ಮನ್ ಅನ್ನೋ ವಿದ್ಯಾರ್ಥಿನಿ, ಡಾನ್ ವೈಲಿ ಅವರ ಲ್ಯಾಬು. ಎಚ್ಎಲ್ಎ ಅನ್ನೋ ಪ್ರೋಟೀನ್‌ನ ರಚನೆ ಬಿಡಿಸಬೇಕಿತ್ತು. ಕಿಡ್ನಿ ಕಸಿ ಮಾಡೋವಾಗ ಹೊಂದಾಣಿಕೆ ನೋಡ್ತಾರಲ್ಲ, ಅದೇ. ಹರಳು ಬಂದರೆ ತೆಳು ಹಾಳೆಯ ಹಾಗೆ. ಪಿಎಚ್‌ಡಿ 1984ರಲ್ಲಿ ಮುಗೀತು, ರಚನೆ ಮುಗೀಲಿಲ್ಲ. ಅದೇ ಲ್ಯಾಬಲ್ಲಿ ಉಳಿದು ಮುಂದುವರಿಸಿದರು. 1987ರ ಅಕ್ಟೋಬರ್‌ನಲ್ಲಿ 'ನೇಚರ್'ನಲ್ಲಿ ಬಂತು.

ಆ ಚಿತ್ರ ನೋಡಿದವರಿಗೆ ವಿವರಣೆಯೇ ಬೇಕಿರಲಿಲ್ಲ. ಕೆಳಗೆ ಒಂದು ಹಾಸು, ಮೇಲೆ ಎರಡು ಸುರುಳಿ, ನಡುವೆ ಉದ್ದನೆಯ ಸಂದು. ಆ ಸಂದಿನಲ್ಲಿ ಏನೋ ಕೂತಿದೆ! ಲೆಕ್ಕಕ್ಕೆ ಸಿಗದ ಎಲೆಕ್ಟ್ರಾನ್ ಸಾಂದ್ರತೆ, ಅಂದ್ರೆ ಅಲ್ಲೇನೋ ಅಣು ಇದೆ ಅನ್ನೋ ಗುರುತು, ಎಚ್ಎಲ್ಎಯ ಸ್ವಂತ ಸರಪಳಿಗೆ ಸೇರಿದ್ದಲ್ಲ. ಜೀವಕೋಶದೊಳಗಿನ ಪ್ರೋಟೀನ್‌ಗಳ ಸಣ್ಣ ತುಂಡುಗಳು ಅಲ್ಲಿ ಕೂತಿದ್ದವು. ಟಿ ಜೀವಕೋಶ (ಸೋಂಕಿನ ವಿರುದ್ಧ ಹೋರಾಡೋ ಒಂದು ಬಿಳಿ ರಕ್ತಕಣ) ವೈರಸನ್ನು ಒಂದೇ ನೋಡಲ್ಲ, ನಮ್ಮದೇ ಎಚ್ಎಲ್ಎ ಜೊತೆ ಸೇರಿಸಿ ನೋಡತ್ತೆ ಅಂತ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಕ್ಯಾನ್‌ಬೆರಾದಲ್ಲಿ 1970ರ ದಶಕದಲ್ಲೇ ಹೇಳಿದ್ದರು. ಯಾಕೆ ಹಾಗೆ ಅಂತ ಜನ ವರ್ಷಗಟ್ಟಲೆ ವಾದ ಮಾಡಿದ್ದರು. ಈ ಒಂದು ಚಿತ್ರ ಬಂದ ಮೇಲೆ ವಾದಕ್ಕೆ ಜಾಗವೇ ಉಳೀಲಿಲ್ಲ.

1995ರ ಲಾಸ್ಕರ್, ಅಂದ್ರೆ ವೈದ್ಯವಿಜ್ಞಾನದ ದೊಡ್ಡ ಪ್ರಶಸ್ತಿ, ಐದು ಜನಕ್ಕೆ ಹೋಯ್ತು, ವೈಲಿ ಮತ್ತು ಅವರ ಜೊತೆ ಈ ಕೆಲಸ ಮಾಡಿದ ಸ್ಟ್ರೋಮಿಂಜರ್ ಇದ್ದರು, ಬ್ಯೋರ್ಕ್‌ಮನ್ ಇರಲಿಲ್ಲ. 1996ರ ನೊಬೆಲ್ ಡೊಹರ್ಟಿ, ಜಿಂಕರ್‌ನಾಗೆಲ್ ಇಬ್ಬರಿಗೆ ಮಾತ್ರ. ಹರಳು ಬೆಳೆಸಿದ ಕೈಗೆ ಏನು ಸಿಗತ್ತೆ ಅಂತ ತಮ್ಮನಿಗೆ ಮೊದಲೇ ಗೊತ್ತಿರಲಿ.

ಪುತ್ತೂರು_ಪ್ರಭಾ

ಅದು ಅರ್ಧ ಸತ್ಯ ಬಸವಣ್ಣ. 1994ರ ಗೇರ್ಡ್‌ನರ್ ಪ್ರಶಸ್ತಿ ವೈಲಿ ಜೊತೆ ಬ್ಯೋರ್ಕ್‌ಮನ್‌ಗೂ ಬಂತು. ಕ್ಯಾಲ್‌ಟೆಕ್‌ನಲ್ಲಿ 1989ರಿಂದ ಸ್ವಂತ ಲ್ಯಾಬ್, ಎಚ್ಐವಿ, ಕೊರೊನಾ ಆಂಟಿಬಾಡಿಗಳ ಮೇಲೆ ದೊಡ್ಡ ಕೆಲಸ. ಪಾಪ ಅನ್ನೋ ಹಾಗೇನಿಲ್ಲ.

ಬೋಸ್ಟನ್_ಬಸವ

ಪಾಪ ಅಂತ ನಾನೆಲ್ಲಿ ಅಂದೆ? ಲಾಸ್ಕರ್‌ನಲ್ಲಿ ಹೆಸರು ಇರಬೇಕಿತ್ತು ಅಂದೆ. ಈಗಲೂ ಅಂತೀನಿ.

ಮಲ್ನಾಡ್_ಮಾಣಿ

ಇನ್ನೊಂದು ಮಜಾ ಇದೆ. ಎಚ್ಎಲ್ಎಯನ್ನು ಜೀವಕೋಶದ ಪೊರೆಯಿಂದ ಕತ್ತರಿಸಿ ತೆಗೆದದ್ದು ಪಪಾಯಿನ್‌ನಿಂದ, ನಮ್ಮ ಪಪ್ಪಾಯಿ ಹಾಲಿನ ಕಿಣ್ವ. ಹಳೇ ಹರಳು ಹೇಳಿದ ಫ್ಯಾಬ್ ತುಂಡು ಮೊದಲು ಸಿಕ್ಕಿದ್ದೂ ಪಪಾಯಿನ್‌ನಿಂದಲೇ, ರಾಡ್ನಿ ಪೋರ್ಟರ್ ಕೈಯಲ್ಲಿ. ವೈಲಿ ಅವರ ಲ್ಯಾಬಲ್ಲೇ ಫ್ಲೂ ವೈರಸ್‌ನ ಹೊರಮೈ ಪ್ರೋಟೀನ್ ಹೀಮಗ್ಲುಟಿನಿನ್ ರಚನೆ 1981ರಲ್ಲಿ ಬಂತು, ಅದನ್ನು ಕತ್ತರಿಸಿದ್ದು ಬ್ರೊಮೆಲೈನ್, ಅಂದ್ರೆ ಅನಾನಸ್.

ಪುತ್ತೂರು_ಪ್ರಭಾ

ಹಲಸು ಬಿಟ್ರಿ ಮಾಣಿ! ಹಲಸಿನ ಬೀಜದ ಜಾಕಲಿನ್, ವಿಜಯನ್ ಅವರ ಲ್ಯಾಬಲ್ಲಿ 1996ರಲ್ಲಿ ರಚನೆ ಬಂತು. ಪ್ರೋಟೀನ್ ಸರಪಳಿ ಆ ಥರ ಮಡಚಿಕೊಂಡಿದ್ದು ಯಾವ ಲೆಕ್ಟಿನ್‌ನಲ್ಲೂ (ಸಕ್ಕರೆ ಅಣುವಿಗೆ ಅಂಟೋ ಪ್ರೋಟೀನ್) ಆವರೆಗೆ ಕಂಡಿರಲಿಲ್ಲ. ಐಜಿಎ1 ಅನ್ನೋ ಆಂಟಿಬಾಡಿಯನ್ನ ಜಾಕಲಿನ್ ಗಪ್ ಅಂತ ಹಿಡಿಯತ್ತೆ, ಅದಕ್ಕೆ ಲ್ಯಾಬುಗಳಲ್ಲಿ ಐಜಿಎ1 ಬೇರ್ಪಡಿಸೋಕೆ ಅದನ್ನೇ ಬಳಸ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಸಾರಿಗೆ ಹಾಕೋ ಬೀಜ.

ಕೆಂಗೇರಿ_ಕಿಟ್ಟಿ

ಹಾಪ್‌ಕಾಮ್ಸ್ ಅಂಗಡಿ ಆಯ್ತು ಈ ಎಳೆ.

ಹಳೇ_ಹರಳು

ಆಯ್ತು ಕಿಟ್ಟಿ, ನಿಮ್ಮ ವಿಷಯಕ್ಕೇ ಬರೋಣ. ಆಲ್ಫಾಫೋಲ್ಡ್ ನಾವೂ ದಿನಾ ಬಳಸ್ತೀವಿ. ಎಕ್ಸ್‌ರೇ ಚಿತ್ರದಲ್ಲಿ ಚುಕ್ಕೆ ಎಷ್ಟು ಗಾಢ ಅಂತ ಮಾತ್ರ ಅಳೆಯೋಕಾಗತ್ತೆ, ಅಲೆ ಯಾವ ಹಂತದಲ್ಲಿ ಬಂತು ಅನ್ನೋದು ಕಳೆದುಹೋಗತ್ತೆ. ಮೊದಲು ಅದಕ್ಕೆ ಹರಳನ್ನು ಪಾದರಸದ ಲವಣದಲ್ಲಿ ನೆನೆಸಿ ಒದ್ದಾಡಬೇಕಿತ್ತು. ಈಗ ಆಲ್ಫಾಫೋಲ್ಡ್‌ನ ಊಹೆಯನ್ನೇ ಮೊದಲ ಅಂದಾಜು ಅಂತ ಹಾಕಿದರೆ ಎಷ್ಟೋ ಸಲ ಕೆಲಸ ಆಗತ್ತೆ. ನಮ್ಮ ಪಾಲಿಗೆ ಅದು ದೊಡ್ಡ ಉಪಕಾರ.

ಆದರೆ ಅದು ಎಲ್ಲಿ ಎಡವತ್ತೆ ಗೊತ್ತಾ? ಆಂಟಿಬಾಡಿ ತನ್ನ ಆಂಟಿಜೆನ್ ಮೇಲೆ ಹೇಗೆ ಕೂರತ್ತೆ ಅನ್ನೋದರಲ್ಲಿ. ಕಾರಣ ಇದೆ. ಒಂದು ಪ್ರೋಟೀನ್ ಮೀನು, ಕಪ್ಪೆ, ಇಲಿ, ಮನುಷ್ಯ ಎಲ್ಲರಲ್ಲೂ ಸ್ವಲ್ಪ ಸ್ವಲ್ಪ ಬದಲಾಗಿ ಬಂದಿರತ್ತೆ. ಯಾವ ಎರಡು ಜಾಗ ಜೊತೆಜೊತೆಗೆ ಬದಲಾಗಿವೆ ಅಂತ ನೋಡಿ, ಅವು ಅಕ್ಕಪಕ್ಕ ಇರಬೇಕು ಅಂತ ಆಲ್ಫಾಫೋಲ್ಡ್ ಲೆಕ್ಕ ಹಾಕತ್ತೆ. ಆಂಟಿಬಾಡಿಯ ತುದಿ ಹಾಗಲ್ಲ. ಅದು ಒಬ್ಬೊಬ್ಬರ ಮೈಯಲ್ಲಿ ಆಗಿಂದಾಗ್ಗೆ ಹೊಸದಾಗಿ ಹುಟ್ಟತ್ತೆ. ಅದಕ್ಕೆ ವಂಶಾವಳಿಯೇ ಇಲ್ಲ, ಲೆಕ್ಕ ಎಲ್ಲಿಂದ ತರೋದು? 2024ರ ಹೊಸ ಆವೃತ್ತಿ ಸುಧಾರಿಸಿದೆ, ಆದ್ರೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ.

ಸಾಳುಂಕೆ ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಗೆ ಬಂದ ಮೇಲೆ ಹಿಡಿದದ್ದು ಇದೇ ಜಾಗವನ್ನು. ನಮ್ಮ ಜೀನ್‌ಗಳು ಇರೋದು ಲೆಕ್ಕಕ್ಕೆ ಸಿಗೋವಷ್ಟು, ರೋಗಾಣುಗಳು ಲೆಕ್ಕಕ್ಕೇ ಸಿಗದಷ್ಟು. ಮೊದಲ ಸಲ ಎದುರಾದ ಶತ್ರುವನ್ನು ದೇಹ ಹೇಗೆ ಹಿಡಿಯತ್ತೆ? ಜೀನ್ ತುಂಡುಗಳನ್ನ ಕಲಸಿ ಜೋಡಿಸೋದು ಒಂದು ಉತ್ತರ, ತೊನೆಗಾವಾಗೆ 1987ರಲ್ಲಿ ನೊಬೆಲ್ ಬಂದದ್ದು ಅದಕ್ಕೆ. ಒಂದೇ ಆಂಟಿಬಾಡಿ ಹಲವನ್ನು ಹಿಡಿಯಬಲ್ಲದು ಅನ್ನೋದು ಇನ್ನೊಂದು. ಕನೂರಿ ರಾವ್ ಅವರ ಜೊತೆ ಸೇರಿ 2006ರಲ್ಲಿ 'ಇಮ್ಯುನಿಟಿ' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಇನ್ನೂ ಪಳಗದ ಒಂದು ಆಂಟಿಬಾಡಿ, ಒಂದಕ್ಕೊಂದು ಹೋಲದ ಮೂರು ಪೆಪ್ಟೈಡ್, ಅಂದ್ರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಮೂರೂ ಅದೇ ಜಾಗದಲ್ಲಿ, ಆದರೆ ಬೇರೆ ಬೇರೆ ಭಂಗಿಯಲ್ಲಿ ಕೂತಿದ್ದವು. ಅದಕ್ಕೂ ಮೊದಲು, 2000ದಲ್ಲಿ, ಪಳಗುತ್ತಾ ಹೋದ ಹಾಗೆ ಆ ಜಾಗದ ಬಾಗುವಿಕೆ ಕಮ್ಮಿಯಾಗತ್ತೆ, ಆಗ ಆಂಟಿಬಾಡಿ ತನ್ನ ಗುರಿಗೆ ಮಾತ್ರ ಕಚ್ಚಿಕೊಳ್ಳತ್ತೆ ಅಂತ ಇದೇ ಇಬ್ಬರ ತಂಡ ಬರೆದಿತ್ತು.

ಹೀಗೆ ಬಾಗೋ ವಸ್ತುವಿಗೆ ಕಂಪ್ಯೂಟರ್ ಒಂದೇ ಚಿತ್ರ ಕೊಟ್ಟರೆ ಸಾಕಾಗಲ್ಲ ಕಿಟ್ಟಿ.

ತಿದ್ದುಪಡಿ_ತಿಮ್ಮಣ್ಣ

ಸಣ್ಣ ತಿದ್ದುಪಡಿ. ಇದನ್ನ ಮೊದಲು ಹೇಳಿದವರು ಸಾಳುಂಕೆ ಅಂತ ಅನ್ನಿಸೋ ಹಾಗೆ ಬರೆದಿದ್ದೀರಿ. ಬರ್ಕ್‌ಲಿಯಲ್ಲಿ ಪೀಟರ್ ಶುಲ್ಟ್ಸ್ ತಂಡ 1997ರಲ್ಲೇ 'ಸೈನ್ಸ್'ನಲ್ಲಿ ಪಳಗದ ಆಂಟಿಬಾಡಿ ಮತ್ತು ಪಳಗಿದ ಆಂಟಿಬಾಡಿ ಎರಡರ ರಚನೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿತ್ತು. ಇನ್ನೂ ಹಿಂದೆ ಹೋದರೆ 1940ರಲ್ಲಿ ಲೈನಸ್ ಪಾಲಿಂಗ್ ಆಂಟಿಜೆನ್ ಸುತ್ತಲೇ ಆಂಟಿಬಾಡಿ ಮಡಚಿಕೊಳ್ಳತ್ತೆ ಅಂದಿದ್ದರು. ಅದು ಸುಳ್ಳಾಯಿತು, ಆಕಾರ ಬರೋದು ಅಮೈನೋ ಆಮ್ಲಗಳ ಸಾಲಿನಿಂದ. ಎಲ್ಲಾ ಆಂಟಿಬಾಡಿಗೂ ಬಾಗು, ಆಮೇಲೆ ಬಿಗಿ ಅನ್ನೋ ನಿಯಮ ಹೊಂದಲ್ಲ ಅಂತಲೂ ಕೆಲವರು ವಾದಿಸ್ತಾರೆ. ನಮ್ಮವರು ಅಂತ ಜಾಸ್ತಿ ಎತ್ತೋದು ಬೇಡ.

ಹಳೇ_ಹರಳು

ಮೊದಲು ಅಂತ ನಾನು ಬರೆದಿಲ್ಲ ತಿಮ್ಮಣ್ಣ. ಶುಲ್ಟ್ಸ್ ಅವರದ್ದು ಹ್ಯಾಪ್ಟೆನ್, ಅಂದ್ರೆ ಪುಟ್ಟ ಅಣು. ಇವರದ್ದು ಪೆಪ್ಟೈಡ್, ಅದೂ ಒಂದೇ ಆಂಟಿಬಾಡಿಗೆ ಹಲವು. ಎರಡಕ್ಕೂ ಅದರದ್ದೇ ತೂಕ ಇದೆ. ನಿಯಮ ಎಲ್ಲದಕ್ಕೂ ಹೊಂದಲ್ಲ ಅನ್ನೋದನ್ನ ಒಪ್ಪುತ್ತೇನೆ, ಅಲ್ಲೇ ಇನ್ನೂ ಕೆಲಸ ಬಾಕಿ ಇರೋದು.

ಸವಿತಾ_ಹುಬ್ಬಳ್ಳಿ

ಪಳಗೋದು ಅಂದ್ರೆ ಏನು? ಇದಕ್ಕೂ ಬೂಸ್ಟರ್ ಡೋಸ್‌ಗೂ ಸಂಬಂಧ ಇದೆಯಾ?

ಲ್ಯಾಬ್_ಇಲಿ

ಇದೆ ಅಕ್ಕ. ಲಸಿಕೆ ಬಿದ್ದ ಮೇಲೆ ಕಂಕುಳ ಹತ್ತಿರದ ಗ್ರಂಥಿಗಳಲ್ಲಿ ಆಂಟಿಬಾಡಿ ತಯಾರಿಸೋ ಬಿ ಜೀವಕೋಶಗಳು ತಮ್ಮ ಆಂಟಿಬಾಡಿ ಜೀನನ್ನ ತಾವೇ ಅಲ್ಲಲ್ಲಿ ಬದಲಾಯಿಸಿಕೊಳ್ತವೆ. ಚೆನ್ನಾಗಿ ಹಿಡಿಯೋವು ಉಳೀತವೆ, ಉಳಿದವು ಸಾಯ್ತವೆ. ಇದೇ ಪಳಗೋದು. ಇನ್ನೊಂದು ಡೋಸ್ ಬಿದ್ದಾಗ ಪಳಗಿದವಕ್ಕೇ ಮತ್ತೆ ಕೆಲಸ ಸಿಗತ್ತೆ, ಇನ್ನೂ ಚುರುಕಾಗ್ತವೆ. ಅದಕ್ಕೇ ಎರಡು ಡೋಸ್ ನಡುವೆ ಅಂತರ ಕೊಡೋದು. ಕೋವಿಡ್ ಹೊತ್ತಲ್ಲಿ ಎಷ್ಟು ಜನ ಲೈನಲ್ಲಿ ನಿಂತು ಬೈದುಕೊಂಡ್ರು ಇದಕ್ಕೆ.

ಅಡುಗೆಮನೆ_ಅನ್ನಪೂರ್ಣ

ಸಾಳುಂಕೆ ಹೆಸರು ನಾನು ಬೇರೆ ಕಡೆ ನೋಡಿದ್ದೆ. ಕೇಸರಿ ಬೇಳೆಯ ಒಂದು ಪ್ರೋಟೀನ್ ರಚನೆ ಮಾಡಿದ್ದಾರಲ್ವಾ? ತೊಗರಿಬೇಳೆಗೆ ಬೆರಕೆ ಮಾಡ್ತಾರಲ್ಲ ಆ ಕೇಸರಿ ಬೇಳೆ. ಕಾಲು ಸೋತುಹೋಗೋದು ಆ ಪ್ರೋಟೀನ್‌ನಿಂದಾನಾ?

ಲ್ಯಾಬ್_ಇಲಿ

ಅಲ್ಲ ಮೇಡಂ. ಕಾಲು ಸೋಲೋದಕ್ಕೆ ಕಾರಣ ಅಂತ ಹೇಳೋದು ಒಡಾಪ್ ಅನ್ನೋ ಸಣ್ಣ ಅಮೈನೋ ಆಮ್ಲ. ಬರಗಾಲದಲ್ಲಿ ತಿಂಗಳುಗಟ್ಟಲೆ ಅದೊಂದನ್ನೇ ತಿಂದವರಿಗೆ ಹಾಗಾಗ್ತಿತ್ತು. ಇವರ ತಂಡ 2010ರಲ್ಲಿ ಕೊಟ್ಟದ್ದು ಬೀಜದಲ್ಲಿರೋ ಎಲ್ಎಸ್24 ಅನ್ನೋ ಪ್ರೋಟೀನ್‌ನ ರಚನೆ. ನಮ್ಮ ರಕ್ತದಲ್ಲಿ ಹೀಮೋಪೆಕ್ಸಿನ್ ಅಂತ ಪ್ರೋಟೀನ್ ಇದೆ, ಅದೇ ಥರ ಮಡಚಿಕೊಂಡ ಆಕಾರ ಬೇಳೆಕಾಳಿನಲ್ಲೂ ಸಿಕ್ಕಿತು. ಅದು ಬೇರೆ ಕಥೆ.

ಅಡುಗೆಮನೆ_ಅನ್ನಪೂರ್ಣ

ಹಂಗಾದ್ರೆ ಬೇಳೆ ಬೆರಕೆ ಗುರುತು ಹಿಡಿಯೋದು ಹೇಗೆ ಅಂತ ಯಾರಾದ್ರೂ ಹೇಳಿ.

ಮಲ್ನಾಡ್_ಮಾಣಿ

ಕೇಸರಿ ಕಾಳು ಒಂದು ಕಡೆ ಇಳಿಜಾರು, ಮೂಲೆ ಮೂಲೆ ಇರತ್ತೆ. ತೊಗರಿ ಗುಂಡಗೆ.

ಕೆಂಗೇರಿ_ಕಿಟ್ಟಿ

ಸರಿ, ಆಂಟಿಬಾಡಿ ವಿಷಯ ಒಪ್ಪಿದೆ. ಆದರೆ ದುಡ್ಡು? ಐದಾರು ವರ್ಷ ಪಿಎಚ್‌ಡಿ, ಆಮೇಲೆ ಪೋಸ್ಟ್‌ಡಾಕ್. ನನ್ನ ಜೊತೆ ಓದಿದವನು ಈಗ ಮನೆ ಕಟ್ಟಿಸಿದ್ದಾನೆ, ಅವನ ಅಣ್ಣ ಪಿಎಚ್‌ಡಿ, ಇನ್ನೂ ಪಿಜಿಯಲ್ಲಿದ್ದಾನೆ.

ನೆಟ್_ಪಾಸಾದವಳು

ಜೆಆರ್‌ಎಫ್, ಅಂದ್ರೆ ಪಿಎಚ್‌ಡಿ ಮಾಡೋರಿಗೆ ಸರ್ಕಾರ ಕೊಡೋ ಫೆಲೋಶಿಪ್, 2023ರಿಂದ ತಿಂಗಳಿಗೆ 37,000, ಎರಡು ವರ್ಷ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಾಸ್ಟೆಲ್‌ನಲ್ಲಿದ್ದರೆ ಊರಿಗೆ ಸ್ವಲ್ಪ ಕಳಿಸಬಹುದು. ತೊಂದರೆ ಏನಂದ್ರೆ ತಿಂಗಳು ತಿಂಗಳು ಬರೋ ಭರವಸೆ ಇಲ್ಲ. ನನಗೆ ಒಂದು ಸಲ ಯುಗಾದಿಗೆ ಬರಬೇಕಾದ್ದು ಗಣೇಶನ ಹಬ್ಬಕ್ಕೆ ಬಂತು. ಫೋನ್ ಮಾಡಿದರೆ ಫೈಲು ಮೇಲಿದೆ ಅಂತಾರೆ, ಮೇಲೆ ಕೇಳಿದರೆ ಕೆಳಗಿದೆ ಅಂತಾರೆ. ಮನೆಯಲ್ಲಿ ಮದುವೆ ಮಾತು ಬೇರೆ. ನೋಡೋಕೆ ಬಂದವರು "ಇನ್ನೂ ಓದ್ತಿದ್ದಾಳಾ?" ಅಂತ ಕೇಳಿ ಉಪ್ಪಿಟ್ಟು ತಿಂದು ಹೋದರು.

ಆದರೂ ಬಿಟ್ಟು ಬರೋ ಮನಸ್ಸಿಲ್ಲ. ನನ್ನ ಹರಳಿನ ಡೇಟಾ ತಗೊಳ್ಳೋಕೆ ಇಂದೋರ್‌ಗೆ ಹೋಗಿದ್ದೆ, ಇಂಡಸ್-2 ಸಿಂಕ್ರೊಟ್ರಾನ್, ಪ್ರಬಲ ಎಕ್ಸ್‌ರೇ ಕೊಡೋ ಯಂತ್ರ. ರಾತ್ರಿ ಪಾಳಿ. ಹರಳನ್ನ ಕೂದಲೆಳೆಯಷ್ಟು ತೆಳು ನೈಲಾನ್ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಅದ್ದಿ, ಕಿರಣದ ಎದುರು ಇಟ್ಟೆ. ಪರದೆಯ ತುದಿವರೆಗೂ ಚುಕ್ಕೆ ಬಂತು. ತುದಿವರೆಗೆ ಬಂದ್ರೆ ರಚನೆ ಅಷ್ಟು ಸ್ಪಷ್ಟ ಅಂತ. ಪಕ್ಕದ ಬೀಮ್‌ಲೈನ್‌ನವರನ್ನ ಎಬ್ಬಿಸಿ ತೋರಿಸಿದೆ, ಬೈಸಿಕೊಂಡೆ.

ಹಳೇ_ಹರಳು

ಕೆಲಸ ಬೇಕಂದ್ರೆ ಬೆಂಗಳೂರಲ್ಲೇ ಇದೆ. ಬಯೋಕಾನ್, ಸಿಂಜೀನ್ ಥರದ ಕಡೆ ಆಂಟಿಬಾಡಿ ಔಷಧದ ಕೆಲಸ ನಡೀತಿದೆ. ಪ್ರೋಟೀನ್ ಶುದ್ಧ ಮಾಡೋಕೆ, ಹರಳು ಮಾಡೋಕೆ, ಡೇಟಾ ಓದೋಕೆ ಬರೋ ಜನ ಕಮ್ಮಿ. ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಆವರಣದಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇದೆ, ಹರಳೇ ಬೇಡ, ಪ್ರೋಟೀನನ್ನ ಹೆಪ್ಪುಗಟ್ಟಿಸಿ ಚಿತ್ರ ತೆಗೆದರಾಯ್ತು. ಕೊರೊನಾ ಸ್ಪೈಕ್ ಪ್ರೋಟೀನ್ ಆಕಾರ 2020ರ ಫೆಬ್ರವರಿಯಲ್ಲೇ ಬಂದದ್ದು ಹೀಗೆ. ತಮ್ಮ ಫಿಸಿಕ್ಸ್‌ನವನು, ಎಕ್ಸ್‌ರೇ ಚುಕ್ಕೆಗಳಿಂದ ಆಕಾರಕ್ಕೆ ಹೋಗೋ ಗಣಿತ, ಫೂರಿಯರ್ ಟ್ರಾನ್ಸ್‌ಫಾರ್ಮ್, ಬರತ್ತೆ. ಬಯಾಲಜಿ ಓದಿದ ಮಕ್ಕಳು ಕಣ್ಣೀರು ಹಾಕೋ ಜಾಗದಲ್ಲಿ ಅವನು ಆರಾಮಾಗಿರ್ತಾನೆ. ಕಿಟ್ಟಿ ಹೇಳಿದ ಪೈಥಾನೂ ಬೇಕು, ಅದರಲ್ಲಿ ತಕರಾರಿಲ್ಲ.

ಫಿಸಿಕ್ಸ್_ಮೇಷ್ಟ್ರು

ಇನ್ನೊಂದು ಮಾತು. ಸಾಳುಂಕೆ ಅವರಿಗೆ 2000ದಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು, ಆಮೇಲೆ ಫರೀದಾಬಾದ್‌ನ ರೀಜನಲ್ ಸೆಂಟರ್ ಫಾರ್ ಬಯೋಟೆಕ್ನಾಲಜಿ ಕಟ್ಟೋ ಹೊಣೆ, ಆಮೇಲೆ ದೆಹಲಿಯ ಐಸಿಜಿಇಬಿ ಅನ್ನೋ ಅಂತರರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ. ಇದನ್ನ ಮಾತ್ರ ನೋಡಿದರೆ ಮೆಟ್ಟಿಲು ಹತ್ತಿದ ಹಾಗೆ ಕಾಣತ್ತೆ. ನಡುವೆ ದೆಹಲಿಗೆ ಬಂದ 1988ರಿಂದ 2000, 2006ರ ಆ ಪೇಪರ್‌ಗಳವರೆಗೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿ. ವಿಜಯನ್ ಅವರ ಶೇಂಗಾ ಲೆಕ್ಟಿನ್ ಹೊರಬರೋಕೆ 1994 ಆಯಿತು, ಅವರು ವಾಪಸ್ ಬಂದದ್ದು 1970ರ ದಶಕದ ಮೊದಲಲ್ಲಿ.

ಸವಿತಾ_ಹುಬ್ಬಳ್ಳಿ

ತಮ್ಮ ಪಕ್ಕದಲ್ಲೇ ಕೂತು ಎಲ್ಲಾ ಓದ್ತಿದ್ದಾನೆ. ಅವನೇ ಟೈಪ್ ಮಾಡ್ತಾನಂತೆ.

ಎಲ್ಲರಿಗೂ ಥ್ಯಾಂಕ್ಸ್. ಸೂಜಿ ಚುಚ್ಚೋ ವಿಷಯ ಕೇಳಿ ಆಸೆ ಇನ್ನೂ ಜಾಸ್ತಿ ಆಯ್ತು. ಒಂದು ಪ್ರಶ್ನೆ: ನಾನು ಬಯಾಲಜಿ ಬಿಟ್ಟಿದ್ದು ಹತ್ತನೇ ಕ್ಲಾಸಲ್ಲಿ. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದ್ರೆ? ಅದಕ್ಕೆ ಮೊದಲು ಯಾವುದಾದರೂ ಲ್ಯಾಬಲ್ಲಿ ಕೆಲವು ತಿಂಗಳು ಕೆಲಸ ಮಾಡೋದು ಒಳ್ಳೇದಾ?

ನೆಟ್_ಪಾಸಾದವಳು

ಮಾಡಿ. ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತ ಕರೀತಾರೆ, ಸಂಸ್ಥೆಗಳ ವೆಬ್‌ಸೈಟಲ್ಲಿ ಜಾಹೀರಾತು ಬರ್ತಾ ಇರತ್ತೆ. ಇಂಟರ್‌ವ್ಯೂನಲ್ಲಿ ಫಿಸಿಕ್ಸ್‌ನವರಿಗೆ ಫಿಸಿಕ್ಸೇ ಜಾಸ್ತಿ ಕೇಳ್ತಾರೆ. ನನ್ನನ್ನ ಬ್ರ್ಯಾಗ್ ನಿಯಮ (ಹರಳಿನಿಂದ ಎಕ್ಸ್‌ರೇ ಚದುರೋ ನಿಯಮ) ಬೋರ್ಡ್ ಮೇಲೆ ಬರೆದು ಸಾಧಿಸು ಅಂದರು. ಅದನ್ನ ಕಣ್ಣುಮುಚ್ಚಿ ಮಾಡೋ ಹಾಗಿರಿ. ಅಮೈನೋ ಆಮ್ಲ 20, ಅವುಗಳ ಸ್ವಭಾವ, ಆಂಟಿಬಾಡಿಯ ಚಿತ್ರ, ಇಷ್ಟು ಗೊತ್ತಿದ್ದರೆ ಉಳಿದದ್ದು ಅವರೇ ಕಲಿಸ್ತಾರೆ.

ಹಳೇ_ಹರಳು

ಲ್ಯಾಬಿಗೆ ಮೇಲ್ ಬರೆಯೋವಾಗ "ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಇಂಟರೆಸ್ಟೆಡ್" ಅಂತ ಎಲ್ಲರಿಗೂ ಒಂದೇ ಕಳಿಸಬೇಡ ತಮ್ಮಾ, ನೋಡಿದ ಕೂಡಲೇ ಗೊತ್ತಾಗತ್ತೆ. ಅವರ ಒಂದು ಪೇಪರ್ ಓದಿ, ಅರ್ಥವಾಗದ ಒಂದು ಜಾಗದ ಬಗ್ಗೆ ಎರಡು ಸಾಲು ಕೇಳು. ಬರೆದ ಮೇಲೆ ನನಗೆ ಮೆಸೇಜ್ ಮಾಡು, ನೋಡಿಕೊಡ್ತೀನಿ.

ಅಡುಗೆಮನೆ_ಅನ್ನಪೂರ್ಣ

ಮಾಣಿ ಅವರೇ, ಇಳಿಜಾರು ಅಂದ್ರಲ್ಲ, ಒಡೆದ ಬೇಳೆಯಲ್ಲೂ ಹಾಗೇ ಕಾಣತ್ತಾ? ಇಡೀ ಕಾಳು ಯಾರು ತರ್ತಾರೆ ಈಗ.